ಬಿಲ್ಲೆ ಇಲ್ಲದ ಗುಂಡ್ಯಾ

ವೀರೇಶನ ಕೈಯಿಂದ ರಕ್ತ ಸೋರುತ್ತಿರುವುದನ್ನು ಮೊದಲು ಕಂಡವಳು ನಾನೇ.

ಅಂದು ಮಾಘ ಮಾಸದ ಅಮಾವಾಸ್ಯೆ, ಬೆಳಿಗ್ಗೆ ಒಂಬತ್ತೂವರೆ. ನಾನು ಅಂಗಳದಲ್ಲಿ ಕುಳಿತು ಮೆಂತ್ಯಸೊಪ್ಪು ಸೋಸುತ್ತಿದ್ದೆ. ಚಪ್ಪಲಿಯ ಅವಸರದ ಸಪ್ಪಳ ಕೇಳಿ ತಲೆ ಎತ್ತಿದರೆ, ಲಕ್ಕವ್ವನ ಮನೆ ದಾಟಿ ವೀರೇಶ ಬರುತ್ತಿದ್ದ. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ. ಬಿಳಿಯ ಟವೆಲ್ ಅರ್ಧ ಕೆಂಪಾಗಿತ್ತು.

"ಅಯ್ಯ, ಇದೇನಪಾ ವೀರೇಶ! ನಾಯಿ ಕಡೀತೇನು?"

ಅವನು ನನ್ನ ಮುಖ ನೋಡಿದ. ಹೊರಳಿ ಲಕ್ಕವ್ವನ ಬಾಗಿಲು ನೋಡಿದ.

"ಹೌದ್ರಿ ಅಕ್ಕೋರ. ಲಕ್ಕವ್ವನ ಗುಂಡ್ಯಾ."

ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗ. ಈಗ ಸೀರೆ ಅಂಗಡಿಯ ಮಾಲೀಕ. ಕೈ ತೊಳೆಯಲು ನೀರು ಹಾಕಿದೆ. ನೀರು ಬೀಳುವಾಗ ಹಲ್ಲು ಕಚ್ಚಿಕೊಂಡ. ಆಮೇಲೆ ದವಾಖಾನೆಯ ಕಡೆ ನಡೆದ.

ಸಂಜೆಯೊಳಗೆ ನಗರಸಭೆಯ ಗಾಡಿ ಬಂತು. ಗುಂಡ್ಯಾನನ್ನು ಹಿಡಿದು ಪಶು ಆಸ್ಪತ್ರೆಯ ಹಿತ್ತಲಿನ ಪಂಜರದಲ್ಲಿ ಹಾಕಿದರು. ಹತ್ತು ದಿನ ಅಲ್ಲಿಟ್ಟು, ಹುಚ್ಚಿನ ಲಕ್ಷಣ ಇದೆಯೋ ಇಲ್ಲವೋ ನೋಡುವುದು. ಇಲ್ಲವೆಂದರೆ ಬಾಗಲಕೋಟೆಯ ಆಚೆ ಇರುವ ನಾಯಿಗಳ ಆಶ್ರಯಕ್ಕೆ ಸಾಗಿಸುವುದು. ಮನೆಗೆ ಮರಳಿ ಕೊಡುವಂತಿಲ್ಲ. ಯಾಕೆಂದರೆ ಗುಂಡ್ಯಾನ ಕೊರಳಲ್ಲಿ ಬಿಲ್ಲೆ ಇರಲಿಲ್ಲ.

ಎರಡು ತಿಂಗಳ ಹಿಂದೆ ನಗರಸಭೆ ಹೊಸ ನಿಯಮ ಸಾರಿತ್ತು. ಸಾಕುನಾಯಿಗೆ ಲಸಿಕೆ ಹಾಕಿಸಬೇಕು, ಹೆಸರು ನೋಂದಾಯಿಸಬೇಕು, ನಂಬರಿನ ಬಿಲ್ಲೆ ಕಟ್ಟಬೇಕು, ಹೊರಗೆ ಒಯ್ದರೆ ಸರಪಳಿ ಇರಬೇಕು. ಬಿಲ್ಲೆ ಇಲ್ಲದ ನಾಯಿ ಕಚ್ಚಿದರೆ ಅದು ಮಾಲೀಕರ ಕೈ ತಪ್ಪಿತು. ಈ ನಿಯಮಕ್ಕಾಗಿ ಅರ್ಜಿ ಬರೆದು, ಮನೆಮನೆಗೆ ಹೋಗಿ ಸಹಿ ಮಾಡಿಸಿದವನು ವಾರ್ಡ್ ಸಮಿತಿಯ ಅಧ್ಯಕ್ಷ ವೀರೇಶನೇ. ನಾನೂ ಸಹಿ ಹಾಕಿದ್ದೆ. ಲಕ್ಕವ್ವ ಲಸಿಕೆಯನ್ನೇನೋ ಹಾಕಿಸಿದ್ದಳು. ಆದರೆ ಅರ್ಜಿಗೆ ನಾಯಿಯ ಫೋಟೋ ಬೇಕಿತ್ತು, ಗುಂಡ್ಯಾ ಫೋನ್ ಕಂಡರೆ ಮಂಚದ ಕೆಳಗೆ ಹೋಗುತ್ತಿತ್ತು. ಹಾಗೆ ಗಡುವು ದಾಟಿತ್ತು.

ನಮ್ಮದು ಇಳಕಲ್ಲಿನ ನೇಕಾರರ ಓಣಿ. ಲಕ್ಕವ್ವ ಇಪ್ಪತ್ತು ವರ್ಷ ವಿದ್ಯುತ್ ಮಗ್ಗಗಳ ನಡುವೆ ದುಡಿದು ಕಿವಿ ಕಳೆದುಕೊಂಡವಳು. ಈಗ ಮನೆಯ ಕುಣಿಮಗ್ಗದಲ್ಲಿ ಒಬ್ಬಳೇ ಸೀರೆ ನೇಯುತ್ತಾಳೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಬೆನ್ನು ಬಾಗಿಲಿಗೆ. ಯಾರಾದರೂ ಬಂದರೆ ಗುಂಡ್ಯಾ ಅವಳ ಸೆರಗು ಜಗ್ಗುತ್ತದೆ. ಕುಕ್ಕರ್ ಕೂಗಿದರೆ ಜಗ್ಗುತ್ತದೆ. ಒಮ್ಮೆ ಒಲೆಯ ಬದಿಯ ಅರಿವೆಗೆ ಬೆಂಕಿ ತಾಗಿದಾಗ ಎಷ್ಟು ಜಗ್ಗಿತ್ತೆಂದರೆ ಸೆರಗೇ ಹರಿದಿತ್ತು. ಆ ಹರಿದ ಸೆರಗನ್ನು ಅವಳು ಇನ್ನೂ ಮಡಚಿ ಇಟ್ಟಿದ್ದಾಳೆ.

ಮರುದಿನ ಬೆಳಿಗ್ಗೆ ವೀರೇಶನ ಹೆಂಡತಿ ಚೇತನಾ ಎಂದಿನಂತೆ ಬುಟ್ಟಿ ಹಿಡಿದು ಬಂದಳು. ನನ್ನ ಅಂಗಳದಲ್ಲಿ ಒಂದು ದೊಡ್ಡ ದಾಸವಾಳದ ಗಿಡವಿದೆ. ಎರಡು ವರ್ಷದಿಂದ ಪೂಜೆಗೆಂದು ದಿನವೂ ಕೊಯ್ದೊಯ್ಯುತ್ತಾಳೆ. ಗಿಡ ಇರುವುದೇ ಅದಕ್ಕೆ.

"ಗಿಡಕ್ಕ ಔಷಧ ಹೊಡ್ದಿಲ್ಲಲ್ರಿ ಅಕ್ಕೋರ?" ದಿನವೂ ಕೇಳುವ ಹಾಗೆ ಅಂದೂ ಕೇಳಿದಳು.

"ಇಲ್ಲವ್ವ, ಕೊಯ್ಕೋ. ವೀರೇಶನ ಕೈ ಹೆಂಗದ?"

"ಹಂಗ ಐತ್ರಿ," ಎಂದಳು. ಕಣ್ಣು ಊದಿಕೊಂಡಿದ್ದವು. "ಗುಂಡ್ಯಾಗ... ಅಲ್ಲಿ ಹೊಟ್ಟಿಗೆ ಹಾಕ್ತಾರಂತೇನ್ರಿ?"

ಗಂಡನನ್ನು ಕಚ್ಚಿದ ನಾಯಿಯ ಹೊಟ್ಟೆಯ ಚಿಂತೆ! ಒಳ್ಳೆಯ ಹೆಣ್ಣುಮಗಳು ಎಂದುಕೊಂಡೆ. ಅದಕ್ಕಿಂತ ಹೆಚ್ಚು ಏನೂ ಅಂದುಕೊಳ್ಳಲಿಲ್ಲ.

ಆ ಸಂಜೆ ವಂದನಾ ಬಂದಳು. ಇಳಕಲ್ಲಿನ ಪಶು ಆಸ್ಪತ್ರೆಯ ವೈದ್ಯೆ, ಬೆಳಗಾವಿಯವಳು. ನಾಲ್ಕು ತಿಂಗಳಿಂದ ನನ್ನ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದಾಳೆ; ಚಿಕ್ಕಮ್ಮ ಎಂಬ ಅರ್ಥದಲ್ಲಿ ನನ್ನನ್ನು 'ಕಾಕು' ಎನ್ನುತ್ತಾಳೆ. ಅಮಾವಾಸ್ಯೆಯ ದಿನ ಹುನಗುಂದದ ಹಳ್ಳಿಗಳಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದಳು. ಹಗಲಿನಲ್ಲಿ ಅವಳು ಮನೆಯಲ್ಲಿ ಸಿಗುವುದೇ ಅಪರೂಪ.

ಚಹಾದ ಬಟ್ಟಲು ಕೆಳಗಿಟ್ಟು ಫೋನ್ ನನ್ನ ಮುಂದೆ ಹಿಡಿದಳು.

"ಕಾಕು, ಇದು ನಾಯಿ ಹಲ್ಲಲ್ಲ."

ಕನ್ನಡಕ ಹಾಕಿಕೊಂಡೆ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ವೀರೇಶನೇ ಹಾಕಿದ್ದ ಫೋಟೋ. 'ನಿಯಮ ಯಾಕೆ ಬೇಕು ಎಂದು ಕೇಳಿದವರಿಗೆ ಉತ್ತರ' ಎಂದು ಕೆಳಗೆ ಬರೆದಿದ್ದ.

"ನಾಯಿ ಕಡದ್ರ ಕೋರೆಹಲ್ಲಿನ ತೂತು ಬೀಳ್ತಾವ. ಇಲ್ಲಿ ನೋಡ್ರಿ, ಒಂದೂ ಇಲ್ಲ. ಕುಡಗೋಲಿನ ಬಾಯಿ ಒತ್ತಿದಂಗ ಬಾಗಿದ ಗೆರಿ ಅದ. ಅದರೊಳಗ ಸಣ್ಣ ಸಣ್ಣ ಕೊರತ."

"ಹಂಗಂತ ಬರದುಕೊಟ್ಟುಬಿಡು ಮತ್ತ."

"ಫೋಟೋ ನೋಡಿ ಬರದ್ರ ಯಾರ ನಂಬ್ತಾರ? ದವಾಖಾನಿ ಚೀಟಿಯೊಳಗ ನಾಯಿ ಕಡತ ಅಂತನ ಅದ. ನಾಯಿ ಅಂತ ಹೇಳ್ಯಾನ, ಅವರು ಬರದಾರ." ಅವಳು ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು. "ಆದರ ಯಾಕ ಸುಳ್ಳು ಹೇಳ್ಬೇಕು ಕಾಕು? ಲಕ್ಕವ್ವನ ಮ್ಯಾಲೆ ಏನರೆ ಸಿಟ್ಟದೇನು?"

"ಯಾವ ಸಿಟ್ಟೂ ಇಲ್ಲ. ಆಕಿ ನೇಯ್ದ ಸೀರಿ ತಗೊಳ್ಳೋವನ ಅವನು."

ಭಾನುವಾರ ಇಬ್ಬರೂ ಹೊರಟೆವು. ಲಕ್ಕವ್ವನೊಡನೆ ಮಾತಾಡಲು ನಾನು ಬೇಕಿತ್ತು. ನನ್ನ ತುಟಿಯ ಚಲನೆ ಅವಳಿಗೆ ರೂಢಿ.

"ಅವತ್ತ ಯಾರ ಬಂದಿದ್ರು ಲಕ್ಕವ್ವ?"

"ಯಾರೂ ಬಂದಿಲ್ರಿ. ಮಗ್ಗಾ ತೊಳದು, ಕುಂಕುಮ ಹಚ್ಚಿ, ಹೂ ಏರಿಸಿದ್ದೆ. ಹೋಳಿಗಿಗೆ ಬ್ಯಾಳಿ ಇಟ್ಟು ಒಲಿ ಮುಂದ ಕುಂತಿದ್ದೆ. ಗುಂಡ್ಯಾ ಅಲ್ಲೇ ಕಾಲಾಗ ಕುಂತಿತ್ತು. ಬ್ಯಾಳಿ ವಾಸನಿ ಬಿಟ್ಟು ಎಲ್ಲಿ ಹೋಗ್ತೈತಿ ಅದು?"

"ಸೆರಗ ಜಗ್ಗಲಿಲ್ಲ?"

"ಇಲ್ರಿ." ವಂದನಾಳ ಕೈ ಹಿಡಿದುಕೊಂಡಳು. "ಡಾಕ್ಟರವ್ವ, ದಂಡಾ ಎಷ್ಟರೆ ಹಾಕ್ರಿ. ಅದನ್ನ ಕಳಸಬ್ಯಾಡ್ರಿ. ಅದು ಹೋದ್ರ ನನ್ನ ಮನಿಗೆ ಕಿವಿ ಇರಂಗಿಲ್ಲ."

ಹೊರಗೆ ಬಂದ ಮೇಲೆ ವಂದನಾ ಮೆಲ್ಲಗೆ ಹೇಳಿದಳು, "ಈ ಸಾಕ್ಷಿ ನಿಲ್ಲಂಗಿಲ್ಲ ಕಾಕು. ಕಿವಿ ಕೇಳದಾಕಿ, ನಾಯಿ ಸುಮ್ಮನಿತ್ತು ಅಂದ್ರ ಯಾರ ಕೇಳ್ತಾರ?"

ಎದುರು ಮನೆ ಫಕ್ರುಸಾಬರದು. ಮುಂದಿನ ಪಡಸಾಲೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು. ಒಳಗೆ ಕಾಲಿಟ್ಟರೆ ಎದೆಯೇ ಅದುರುತ್ತದೆ.

"ಎದುರಿಗೇ ಇದ್ದೀರಿ! ನಾಯಿ ಬೊಗಳಿದ್ದು, ಮನುಷ್ಯಾ ಚೀರಿದ್ದು ಕೇಳಲಿಲ್ಲೇನ್ರಿ?" ವಂದನಾ ಕೂಗಿದಳು.

"ಏನ್ರಿ?"

"ಕೇಳಲಿಲ್ಲೇನು?"

"ಈ ಮಗ್ಗದ ಸಪ್ಪಳದಾಗ ಏನ ಕೇಳ್ತೈತ್ರಿ ಮೇಡಂ? ಆನಿ ಬಂದು ಬಾಗಲಾ ಬಡದ್ರೂ ನಮಗ ಗೊತ್ತಾಗಂಗಿಲ್ಲ!"

ನಾನೂ ತಲೆಯಾಡಿಸಿದೆ. ಮತ್ತೇನು ಹೇಳಬೇಕು? ಈ ಓಣಿಯಲ್ಲಿ ಯಾವುದು ಕೇಳದಿದ್ದರೂ ಕಾರಣ ಅದೊಂದೇ.

ಹೊರಡುವಾಗ ಫಕ್ರುಸಾಬರು ಬಾಗಿಲತನಕ ಬಂದರು. "ನಾಯಿ ಇಲ್ಲಲ್ರಿ ಈಗ. ತಾಸಿಗೊಮ್ಮೆ ನಾನ ಹೋಗಿ ಆಕಿ ಮನ್ಯಾಗ ಇಣುಕಿ ಬರ್ತೀನಿ. ಮುದುಕಿ ಹೆದರಿ ಕುಂತಾಳ."

ಅಂಗಡಿಯಲ್ಲಿ ವೀರೇಶ ಎದ್ದು ನಿಂತು ಗಾದಿಯ ಮೇಲೆ ಜಾಗ ಮಾಡಿದ. ಚಹಾ ತರಿಸಿದ. ಕೈಯ ಪಟ್ಟಿ ದೊಡ್ಡದಿತ್ತು.

"ಅವತ್ತ ಏನೇನಾತು, ಒಂದೊಂದ ಹೇಳ್ರಿ," ಎಂದಳು ವಂದನಾ.

"ಸೀರಿ ಮುಗೀತೇನು ಅಂತ ಕೇಳಾಕ ಹೋದೆ. ಹೊಸ್ತಿಲದಾಗ ಕಾಲಿಟ್ಟೆ. ಬೊಗಳಿಕೋತ ಬಂದು ಕಚಕ್ಕಂತ ಹಿಡೀತು."

"ನೀವು ಚೀರಲಿಲ್ಲ?"

"ಚೀರದ ಇರ್ತಾರೇನ್ರಿ? ಮಗ್ಗದ ಸಪ್ಪಳದಾಗ ಯಾರಿಗೆ ಕೇಳಬೇಕು?"

"ಲಕ್ಕವ್ವನರೆ ಹೊಳ್ಳಿ ನೋಡಬೇಕಿತ್ತಲ್ಲ?"

"ಆಕಿಗೆಲ್ಲಿ ಕಿವಿರಿ? ಬೆನ್ನ ಮಾಡಿ ಮಗ್ಗದಾಗ ಕುಂತಿದ್ಲು. ತನ್ನ ಪಾಡಿಗೆ ನೇಯಾಕತ್ತಿದ್ಲು."

"ನಿಮ್ಮ ಮನ್ಯಾಗ ಪ್ರಾಣಿ ಪಕ್ಷಿ ಏನರೆ ಸಾಕೀರೇನು?"

"ಇಲ್ರಿ." ತಟ್ಟನೆ ಬಂತು ಉತ್ತರ. "ನಮಗ್ಯಾಕ್ರಿ ಅದೆಲ್ಲಾ?" ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಲಕ್ಕವ್ವನ ಮ್ಯಾಲ ನನಗ ಸಿಟ್ಟಿಲ್ರಿ ಅಕ್ಕೋರ. ಆಕಿಗೆ ಏನರೆ ಬೇಕಾದ್ರ ಹೇಳ್ರಿ. ಆದ್ರ ನಿಯಮ ಎಲ್ಲಾರಿಗೂ ಒಂದ."

ವಂದನಾ ಚಹಾ ಮುಗಿಸಿ ಎದ್ದಳು.

ಏಳನೆಯ ದಿನ ಅವಳು ಒಂದು ಸ್ಟೀಲ್ ಬಟ್ಟಲು ಹಿಡಿದು ಮನೆಗೆ ಬಂದಳು.

"ದಿನಾ ನಸುಕಿನ್ಯಾಗ ಯಾರೋ ಗುಂಡ್ಯಾನ ಪಂಜರದ ಮುಂದ ಹಾಲು, ರೊಟ್ಟಿ ಇಟ್ಟು ಹೋಗ್ತಾರ. ಲಕ್ಕವ್ವ ಅಂದ್ಕೊಂಡಿದ್ದೆ. ಇವತ್ತ ಮಧ್ಯಾಹ್ನ ಆಕಿ ಬಂದಾಗ ಬಟ್ಟಲಾ ಒಯ್ಯವ್ವ ಅಂದ್ರ, ನಂದಲ್ಲ ಅಂದ್ಲು."

ನಾನು ಬಟ್ಟಲನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸಣ್ಣ ಅಕ್ಷರ ಕೊರೆದಿತ್ತು: 'ಗುರುಲಿಂಗವ್ವ, ಅಮೀನಗಡ'. ಪಂಚಮಿಯ ಉಂಡಿ ನನ್ನ ಮನೆಗೆ ಬಂದದ್ದು ಇಂಥದೇ ಬಟ್ಟಲಲ್ಲಿ. ಬರಿಗೈಲಿ ಮರಳಿಸಬಾರದೆಂದು ಸಕ್ಕರೆ ತುಂಬಿ ಕೊಟ್ಟಿದ್ದೆ.

"ಯಾರದು ಗೊತ್ತೇನು?"

"ಚೇತನಾನ ತವರುಮನಿದು. ಗುರುಲಿಂಗವ್ವ ಅಂದ್ರ ಆಕಿ ಅವ್ವ. ಮದುವಿಯೊಳಗ ಕೊಟ್ಟದ್ದು."

ವಂದನಾ ಬಟ್ಟಲನ್ನು ತಿರುಗಿಸಿ ಹೆಸರು ಓದಿದಳು.

"ಯಾರಿಗೂ ಹೇಳಬ್ಯಾಡ್ರಿ," ಎಂದಳು. "ಬಟ್ಟಲಾ ನಿಮ್ಮ ಹತ್ರ ಇರಲಿ."

ಎಂಟನೆಯ ದಿನ ಶನಿವಾರ. ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಬಂದಿದ್ದಳು. ಇಬ್ಬರೂ ಎಲೆಯ ಮುಂದೆ ಕುಳಿತಾಗ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಯಾರೋ ದೊಡ್ಡ ಕಂಬಳಿ ಹೊದಿಸಿದ ಹಾಗೆ ಸದ್ದೆಲ್ಲ ಅಡಗಿತು.

ಫಕ್ರುಸಾಬರು ಕೆಮ್ಮಿದ್ದು ಕೇಳಿತು. ಬಳೆ ಮಾರುವವಳ ಚೌಕಾಶಿ ಕೇಳಿತು. ಆಮೇಲೆ ಕುಕ್ಕರಿನ ಸೀಟಿ — ಎರಡು ಮನೆ ಆಚೆಯದು. ಒಂದು, ಎರಡು. ನಾಲ್ಕು. ಏಳು.

"ಲಕ್ಕವ್ವಂದು!" ಕೈಯಲ್ಲಿನ ತುತ್ತು ಬಿಟ್ಟು ಓಡಿದೆ.

ಅವಳು ಕುಣಿಮಗ್ಗದಲ್ಲಿ ಕುಳಿತು, ಬೆನ್ನು ತಿರುಗಿಸಿ, ತನ್ನಷ್ಟಕ್ಕೆ ಲಾಳಿ ಎಸೆಯುತ್ತಿದ್ದಳು. ಅಡುಗೆಮನೆ ಹೊಗೆಯಿಂದ ತುಂಬಿತ್ತು. ಗ್ಯಾಸ್ ಆರಿಸಿದೆ. ಬೇಳೆ ಹೊತ್ತಿ ಕರಿಯಾಗಿತ್ತು. ಲಕ್ಕವ್ವ ಎದ್ದು ಬಂದು ಕುಕ್ಕರ್ ನೋಡಿ, ಗುಂಡ್ಯಾ ಮಲಗುವ ಗೋಣಿಚೀಲ ನೋಡಿ, ಅಲ್ಲೇ ಕುಳಿತುಬಿಟ್ಟಳು. ನಾನು ಪಾತ್ರೆಗೆ ನೀರು ಹಾಕಿ ನೆನೆಯಿಟ್ಟು, ನನ್ನ ಮನೆಯ ಸಾರು ಅನ್ನ ತಂದಿಟ್ಟು ಬಂದೆ.

ವಂದನಾ ಗೇಟಿನಲ್ಲಿ ನಿಂತಿದ್ದಳು.

"ಕಾಕು, ಆ ಸೀಟಿ ಇಲ್ಲೀತನಕಾ ಕೇಳಿಸ್ತಲ್ಲ! ನಾ ಒಮ್ಮೆನೂ ಕೇಳಿರಲಿಲ್ಲ."

"ಕರೆಂಟ್ ಹೋದಾಗ ಹಿಂಗನ. ಇಲ್ಲಾಂದ್ರ ಅಮಾಸಿ ದಿನ."

"ಅಮಾಸಿ ದಿ‌ನ ಯಾಕ?"

"ಅಮಾಸಿಗೆ ಮಗ್ಗಾ ನಡಸಂಗಿಲ್ಲಲ್ಲವಾ. ಕೈಮಗ್ಗನೂ ಇಲ್ಲ, ಕರೆಂಟಿನ ಮಗ್ಗನೂ ಇಲ್ಲ. ತೊಳದು ಪೂಜಿ ಮಾಡಿ ಸುಮ್ಮನ..."

ನನ್ನ ಮಾತು ಅಲ್ಲಿಗೇ ನಿಂತಿತು.

ವಂದನಾ ನನ್ನ ತೋಳು ಹಿಡಿದಳು. "ಯಾವತ್ತ ಕಡೀತಂತ ಹೇಳಿದ್ರಿ ಕಾಕು?"

ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ವಂದನಾ ಮಾಳಿಗೆಯ ಕಿಟಕಿಯಲ್ಲಿ ನಿಂತಿದ್ದಳು. ಚೇತನಾ ಬಂದಳು, ಔಷಧದ ಮಾತು ಕೇಳಿದಳು, ಕೊಯ್ದಳು, ಹೋದಳು. ವಂದನಾ ಇಳಿದು ಬಂದು ಗಿಡದ ಸುತ್ತ ಎರಡು ಸುತ್ತು ಹಾಕಿದಳು.

"ಆಕಿ ಎಲಿನೂ ಒಯ್ತಾಳ?"

"ಒಯ್ತಾಳ. ತಲಿಗೆ ಹಚ್ಚಿಕೋಳಿಕ್ಕಿರಬೇಕು. ನಾವೂ ಮೊದಲ ಹಚ್ಚಿಕೋತಿದ್ವಿ."

"ದಿನಾ? ಅರ್ಧ ಬುಟ್ಟಿ?"

"ನಾ ಎಣಿಸಿಲ್ಲವಾ."

"ಔಷಧದ ಮಾತು?"

"ಅದನ್ನ ಎರಡು ವರ್ಷದಿಂದ ದಿನಾ ಕೇಳ್ತಾಳ. ಭಾಳ ಎಚ್ಚರಿಕಿ ಹುಡುಗಿ."

ವಂದನಾ ನಕ್ಕಳು. ಬಹಳ ದಿನಗಳ ಮೇಲೆ ನಕ್ಕದ್ದು. "ನಾಳೆ ನೀವೂ ಆಸ್ಪತ್ರಿಗೆ ಬರ್ರಿ ಕಾಕು. ಬರುವಾಗ ಈ ಗಿಡದ್ದ ನಾಕು ಚಿಗರೆಲಿ ತರ್ರಿ."

ಹತ್ತನೆಯ ದಿನ ಪಶು ಆಸ್ಪತ್ರೆಯ ಪಡಸಾಲೆಯಲ್ಲಿ ನಗರಸಭೆಯ ಆರೋಗ್ಯ ನಿರೀಕ್ಷಕ ಪ್ರವೀಣಕುಮಾರ ಕಾಗದ ಹರಡಿಕೊಂಡು ಕುಳಿತಿದ್ದ. ಹೊರಗೆ ಗಾಡಿ ನಿಂತಿತ್ತು. ದೂರುದಾರನೆಂದು ವೀರೇಶ, ಅವನ ಹಿಂದೆ ಚೇತನಾ, ಎದುರು ಮನೆಯವರೆಂದು ಫಕ್ರುಸಾಬರು, ಒಂದು ಮೂಲೆಯಲ್ಲಿ ಲಕ್ಕವ್ವ. ಗುಂಡ್ಯಾ ಪಂಜರದಲ್ಲಿ ಬಾಲ ಬಡಿಯುತ್ತಿತ್ತು.

"ನಾಯಿ ಆರಾಮ ಐತಲ್ರಿ ಮೇಡಂ? ಸಹಿ ಮಾಡ್ರಿ, ಗಾಡಿ ಕಳಸೋಣು," ಎಂದ ಪ್ರವೀಣಕುಮಾರ. ಲಕ್ಕವ್ವನ ಕಡೆ ನೋಡಿ ದನಿ ತಗ್ಗಿಸಿದ. "ನಮಗೂ ಕೆಟ್ಟ ಅನಸ್ತೈತ್ರಿ. ಏನ ಮಾಡೋದು?"

"ಸಹಿ ಮಾಡ್ತೀನಿ. ಅದಕ್ಕಿಂತ ಮೊದಲ ಎರಡ ಪ್ರಶ್ನೆ." ವಂದನಾ ತಿರುಗಿದಳು. "ವೀರೇಶ ಅವರ, ನಾಯಿ ಹಿಡದಾಗ ಚೀರಿದ್ರಿ. ಯಾರಿಗೂ ಯಾಕ ಕೇಳಲಿಲ್ಲ?"

"ಹೇಳೀನಲ್ರಿ. ಮಗ್ಗದ ಸಪ್ಪಳ."

"ಲಕ್ಕವ್ವ ಎಲ್ಲಿದ್ಲು?"

"ಮಗ್ಗದಾಗ. ನೇಯಾಕತ್ತಿದ್ಲು."

"ಫಕ್ರುಸಾಬರ, ಅವತ್ತ ಅಮಾಸಿ. ನಿಮ್ಮ ಮಗ್ಗಾ ನಡದಿದ್ವೇನು?"

ಫಕ್ರುಸಾಬರು ಹಣೆ ಬಡಿದುಕೊಂಡರು.

"ಅಯ್ಯ ಖರೇನಲ್ರಿ! ಅಮಾಸಿಗೆಲ್ಲಿ ಮಗ್ಗಾ? ನಾ ಕಟ್ಟಿ ಮ್ಯಾಲ ಕುಂತು ಚಹಾ ಕುಡಿಯಾಕತ್ತಿದ್ದೆ! ಎದುರಿಗೇ! ನಾಯಿನೂ ಬೊಗಳಿಲ್ಲ, ಯಾರೂ ಚೀರಿಲ್ಲ. ಆದ್ರ ಮೇಡಂ, ನಾ ಸುಳ್ಳ ಹೇಳಿಲ್ರಿ ಅವತ್ತ..."

"ಇಲ್ರಿ. ರೂಢಿ ಹೇಳಿದ್ರಿ. ಈ ಓಣಿಯೊಳಗ ಹುಟ್ಟಿ ಬೆಳದವರಿಗೆ ಮಗ್ಗಾ ನಿಂತಾಗೂ ಅದರ ಸಪ್ಪಳ ಕೇಳ್ತಿರ್ತದ. ಕಾಕುನೂ ತಲಿ ಆಡಿಸಿದ್ರು. ಲಕ್ಕವ್ವ ಅಂದ್ರ ಮಗ್ಗದಾಗ ಬೆನ್ನ ಮಾಡಿ ಕುಂತಾಕಿ ಅಂತನ ಎಲ್ಲಾರ ಕಣ್ಣಿಗೂ. ವೀರೇಶ ಅವರೂ ಹಂಗನ ಅಂದ್ಕೊಂಡು ಹೇಳಿದ್ರು. ಖರೆ ಆ ಹೊಸ್ತಿಲಕ್ಕ ಹೋಗಿದ್ರ, ತೊಳದು ಕುಂಕುಮ ಹಚ್ಚಿದ ಖಾಲಿ ಮಗ್ಗಾ ಕಾಣಸ್ತಿತ್ತು. ಒಲಿ ಮುಂದ ಕುಂತ ಲಕ್ಕವ್ವ ಕಾಣಸ್ತಿದ್ಲು. ಅಮಾಸಿ ದಿನ ಸೀರಿ ಮುಗೀತೇನು ಅಂತ ಕೇಳಾಕ ಯಾವ ವ್ಯಾಪಾರಿ ಹೋಗ್ತಾನ?"

ವೀರೇಶ ಕೈಯ ಪಟ್ಟಿಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ಮತ್ತ ಕಡದದ್ದು ಯಾವುದ್ರಿ?" ಪ್ರವೀಣಕುಮಾರ ಕೇಳಿದ.

ವಂದನಾ ನನ್ನ ಕೈಯಿಂದ ಚಿಗುರೆಲೆ ತೆಗೆದುಕೊಂಡು ಮೇಜಿನ ಮೇಲಿಟ್ಟಳು.

"ಇದನ್ನ ತಿನ್ನೋದು. ಚೇತನಾ ಅವರು ದಿನಾ ಕಾಕುನ ಗಿಡದಿಂದ ಪೂಜಿಗೆ ಅಂತ ಹೂ ಒಯ್ತಾರ. ಸಂಗಡ ಅರ್ಧ ಬುಟ್ಟಿ ಎಳಿ ಎಲಿ. ಗಿಡಕ್ಕ ಔಷಧ ಹೊಡದೀರೇನು ಅಂತ ತಪ್ಪದ ಕೇಳ್ತಾರ. ದೇವರಿಗೆ ಏರಸೋ ಹೂವಿಗೆ ಔಷಧ ಹೊಡದ್ರೇನು, ಬಿಟ್ರೇನು? ಆ ಚಿಂತಿ ತಿನ್ನೋ ಜೀವ ಮನ್ಯಾಗ ಇದ್ದವರಿಗೆ ಅಷ್ಟ. ಕುಡಗೋಲಿನಂಥ ಹಲ್ಲು, ದಾಸವಾಳದ ಚಿಗರು ಮೆಚ್ಚೋ ಹೊಟ್ಟಿ. ಪರದೇಶದ್ದು, ಹಸರು ಉಡದಂಗ ಇರ್ತದ. ಇಗ್ವಾನಾ ಅಂತಾರ. ಅದನ್ನ ಸಾಕಬೇಕಂದ್ರ ಸರ್ಕಾರದ ಪೋರ್ಟಲ್‌ನೊಳಗ ನೋಂದಣಿ ಆಗಬೇಕು. ಅದರ ಗಡುವು ಯಾವಾಗೋ ಮುಗದದ." ಅವಳು ವೀರೇಶನ ಕಡೆ ತಿರುಗಿದಳು. "ಊರಿಗೆಲ್ಲ ನಾಯಿ ಬಿಲ್ಲೆ ಕಟ್ಟಿಸಿದವರ ಮನ್ಯಾಗ ಬಿಲ್ಲೆ ಇಲ್ಲದ ಪ್ರಾಣಿ ಅದ ಅಂತ ಹೆಂಗ ಹೇಳೋದು? ಅಲ್ಲೇನ್ರಿ, ವೀರೇಶ ಅವರ?"

ಚೇತನಾ ಉತ್ತರಿಸಿದಳು.

"ಹೌದ್ರಿ," ಎಂದಳು. "ಮಾಳಿಗಿ ಮ್ಯಾಲಿನ ಖೋಲಿಯೊಳಗ ಐತ್ರಿ. ಪುಣಾದಿಂದ ತಂದಾಗ ಅಂಗೈಯಷ್ಟಿತ್ತು. ಕಡಿಯೋದಲ್ರಿ ಅದು. ಈ ಎರಡ ತಿಂಗಳ ಅದಕ್ಕ ಬೆದಿ. ಮುಟ್ಟಬ್ಯಾಡ್ರಿ ಅಂದಿದ್ದೆ." ಪಂಜರದ ಕಡೆ ತಿರುಗಿದಳು. "ಗುಂಡ್ಯಾನ ಮುಖಾ ನೋಡಾಕ ಆಗ್ತಿರಲಿಲ್ರಿ. ಹಾಲರೆ ಕುಡೀಲಿ ಅಂತ..."

"ಗೊತ್ತದ," ಎಂದಳು ವಂದನಾ. "ಬಟ್ಟಲದಾಗ ನಿಮ್ಮ ಅವ್ವನ ಹೆಸರದ. ನಾಯಿ ತಪ್ಪಿಲ್ಲ ಅಂತ ನಿಮ್ಮ ಮನ್ಯಾಗ ಯಾರಿಗೋ ಗೊತ್ತದ ಅಂತ ನನಗ ಹೇಳಿದ್ದು ಆ ಬಟ್ಟಲ."

ಫಕ್ರುಸಾಬರಿಗೆ ತಡೆಯಲಾಗಲಿಲ್ಲ. "ಲೇ ವೀರೇಶ್ಯಾ, ಹುಚ್ಚನಾಯಿ ಸೂಜಿ ಎಷ್ಟ ಹಾಕಿಸ್ಕೊಂಡ್ಯೋ?"

"ಮೂರು," ಎಂದ ವೀರೇಶ, ನೆಲ ನೋಡುತ್ತ.

"ಉಡಾ ಕಡದಿದ್ದಕ್ಕ!"

"ಆ ಜಾತಿಯಿಂದ ಹುಚ್ಚು ಬರಂಗಿಲ್ಲ," ಎಂದಳು ವಂದನಾ, ಮೆತ್ತಗೆ. "ಆದರ ಗಾಯ ಕೀವಾಗ್ತದ. ಇವತ್ತ ದವಾಖಾನಿಗೆ ಹೋಗಿ ಖರೆ ಹೇಳಿ ಔಷಧ ತಗೋರಿ."

ಪ್ರವೀಣಕುಮಾರ ಹಳೆಯ ಕಾಗದ ಮಡಚಿ ಪಕ್ಕಕ್ಕಿಟ್ಟ. ಹೊಸ ಹಾಳೆ ತೆಗೆದ. ಒಂದರಲ್ಲಿ ಅರಣ್ಯ ಇಲಾಖೆಗೆ ಪತ್ರ. ಇನ್ನೊಂದು ನಾಯಿಯ ನೋಂದಣಿ ಅರ್ಜಿ. ಅದನ್ನು ಲಕ್ಕವ್ವನ ಹೆಸರಿನಲ್ಲಿ ತಾನೇ ತುಂಬಿದ. ಫೋಟೋಕ್ಕೆ ಪಂಜರದ ಹತ್ತಿರ ಹೋದಾಗ ಗುಂಡ್ಯಾ ಮುಖ ತಿರುಗಿಸಿತು. "ಬಾಲದ್ದ ತಗೀರಿ ಸಾಹೇಬ್ರ," ಎಂದರು ಫಕ್ರುಸಾಬರು. ಕೊನೆಗೆ ಲಕ್ಕವ್ವ ಪಕ್ಕದಲ್ಲಿ ಕುಳಿತು ಸೆರಗು ಮುಂದೆ ಹಿಡಿದಳು. ಅದನ್ನು ಕಚ್ಚಿ ಜಗ್ಗುತ್ತಿರುವಾಗ ಫೋಟೋ ಬಂತು. ಬಿಲ್ಲೆಯನ್ನು ಅಲ್ಲೇ ಕಟ್ಟಿದರು. ನಂಬರು ನೂರಾ ಹದಿನೆಂಟು.

ಎಲ್ಲರೂ ಏಳುವಾಗ ವೀರೇಶ ಲಕ್ಕವ್ವನ ಮುಂದೆ ನಿಂತ. ಏನೋ ಹೇಳಿದ, ತಲೆ ತಗ್ಗಿಸಿದ್ದರಿಂದ ಅವಳಿಗೆ ತುಟಿ ಕಾಣಲಿಲ್ಲ. ಅವಳು ಅವನ ಗದ್ದ ಹಿಡಿದು ಮುಖ ಎತ್ತಿದಳು. "ಈಗ ಹೇಳು," ಎಂದಳು.

"ತಪ್ಪಾತಬೇ," ಎಂದ ಅವನು.

ಆಮೇಲೆ ನನ್ನ ಹತ್ತಿರ ಬಂದ. "ಹೇಳಬೇಕಂತ ಹೇಳಿದ್ದಲ್ರಿ ಅಕ್ಕೋರ. ಯಾರರೆ ಕೇಳಿದ್ರ ಏನ ಹೇಳಲಿ ಅಂತ ಅಂಜಿಕೋತ ಬರಾಕತ್ತಿದ್ದೆ. ನೀವ ಕೇಳಿದ್ರಿ. ಹೌದು ಅಂದುಬಿಟ್ಟೆ. ಆಮ್ಯಾಲ ಹಿಂದಕ್ಕ ಬರಾಕ ಆಗಲಿಲ್ಲ."

ಮನೆಗೆ ಬರುವ ದಾರಿಯಲ್ಲಿ ವಂದನಾಳನ್ನು ಕೇಳಿದೆ, "ನಾಯಿ ಅನ್ನೋ ಮಾತು ಮೊದಲ ನನ್ನ ಬಾಯಾಗ ಬಂತು. ನಿನಗ ಗೊತ್ತಿತ್ತೇನು?"

"ಈಗ ವೀರೇಶ ಹೇಳಿದಾಗ ಗೊತ್ತಾತು ಕಾಕು. ಎಲ್ಲಾರನೂ ಕೇಳಿದೆ, ನಿಮ್ಮನ್ನೊಬ್ಬರನ್ನ ಕೇಳಿರಲಿಲ್ಲ. ಮೊದಲ ಸಾಕ್ಷಿ ನೀವ ಇದ್ರಿ." ನನ್ನ ಕೈಯ ಚೀಲ ತಾನು ತೆಗೆದುಕೊಂಡಳು. "ನೀವು ಕೇಳಿದ್ದು ಕಕ್ಕುಲಾತಿಗೆ. ಸುಳ್ಳಾಗಿಸಿದ್ದು ಅವನು."

ಮರುದಿನ ಬೆಳಿಗ್ಗೆ ಚೇತನಾ ಗೇಟಿನ ಹೊರಗೆ ನಿಂತಿದ್ದಳು. ಬುಟ್ಟಿ ಕೈಯಲ್ಲಿತ್ತು, ಒಳಗೆ ಬರಲಿಲ್ಲ. ಇಗ್ವಾನಾವನ್ನು ಒಯ್ಯಲು ಅರಣ್ಯ ಇಲಾಖೆಯವರು ಮುಂದಿನ ಸೋಮವಾರ ಬರುವವರಿದ್ದರು. ಎರಡು ಮನೆ ಆಚೆ ಹಾಲಿನವನು ಬಂದಿರಬೇಕು. ಗುಂಡ್ಯಾನ ಬಿಲ್ಲೆ ಕಿಣಿಕಿಣಿ ಎಂದದ್ದು ಮಗ್ಗಗಳು ಇನ್ನೂ ಶುರುವಾಗದ ಹೊತ್ತಿನಲ್ಲಿ ನನಗೂ ಕೇಳಿತು.

ನಾನು ಒಳಗೆ ಹೋಗಿ ಗುರುಲಿಂಗವ್ವನ ಬಟ್ಟಲು ತಂದೆ. ಬರಿದಾಗಿ ಮರಳಿಸಬಾರದಲ್ಲ. ಗಿಡದ ಹತ್ತಿರ ಹೋಗಿ ಎಳೆಯ ಚಿಗುರು ಆರಿಸಿ ಆರಿಸಿ ಬಟ್ಟಲು ತುಂಬಿದೆ.

"ತಗೋವಾ," ಎಂದೆ. "ಸೋಮವಾರದ ತನಕ ಅದಕ್ಕೂ ಹಸಿವಿ ಇರ್ತದಲ್ಲ. ಔಷಧ ಹೊಡದಿಲ್ಲ."